ಕಣ್ಣು ಚೆಂಡಿನ ಮೇಲೆ

ಗಾಜಿನ ಮೇಲೆ ಮತ್ತೆ ಹಬೆ ಕಟ್ಟಿದೆ, ತೋಳಿನಿಂದ ಒರೆಸಿದರೆ ಒರೆಸಿದಷ್ಟೇ ಜಾಗದಲ್ಲಿ ಮೈದಾನ ಕಾಣುತ್ತದೆ, ಒಂದು ತಟ್ಟೆಯಷ್ಟು ಹಸಿರು, ಅದರಾಚೆ ಬೇಲಿಗೆ ಮೂತಿ ಹಚ್ಚಿ ನಿಂತ ಕಾರುಗಳು, ಅದರಾಚೆ ಸಮುದ್ರ — ಬೆಳಗ್ಗೆ ನೀಲಿಯಿದ್ದದ್ದು ಈಗ ಸೀಸದ ಬಣ್ಣಕ್ಕೆ ತಿರುಗಿದೆ, ಗಾಳಿ ಅಲ್ಲಿಂದಲೇ ಏಳುತ್ತಿದೆ, ಆ ಕಡೆಯ ಕಂಬಗಳತ್ತ ಒದ್ದ ಚೆಂಡೆಲ್ಲ ಗಾಳಿಗೆ ಎದುರಾಗಿ ಆಕಾಶದಲ್ಲಿ ಒಂದು ಕ್ಷಣ ತಡೆದು ನಿಂತು ಆಮೇಲೆ ಬೀಳುತ್ತಿದೆ, ಇದು ನನಗೆ ಸರಿಬರುತ್ತಿಲ್ಲ, ಚೆಂಡು ಮೇಲೆ ತಡೆದಷ್ಟೂ ಕೆಳಗೆ ಅದಕ್ಕಾಗಿ ಕತ್ತೆತ್ತಿ ನಿಂತವನ ಮೇಲೆ ಎರಗಿ ಬರುವವರಿಗೆ ಪುರುಸೊತ್ತು ಸಿಗುತ್ತದೆ. ಪಕ್ಕದಲ್ಲಿ ಮಲ್ಕೇರ್, ನಮ್ಮ ಮುಖ್ಯ ಕೋಚ್, ಫೋನನ್ನು ಗಲ್ಲಕ್ಕೆ ಒತ್ತಿಕೊಂಡು ಕೂಗುತ್ತಿದ್ದಾನೆ, ಎಡಗಡೆ ಖಾಲಿ ಬಿಟ್ಟಿದೀರಲ್ರೋ, ಕಣ್ಣು ಎಲ್ಲಿಟ್ಕೊಂಡಿದೀರಾ, ಇನ್ನೊಂದು ಫೋನು ನನ್ನದು, ಅದೂ ಕೆಳಗಿನ ಬೆಂಚಿಗೇ ಹೋಗುತ್ತದೆ, ಹಿಂಬದಿಯಲ್ಲಿ ನಿಲ್ಲುವ ಆರು ಜನ ನನ್ನ ಪಾಲು, ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನ ಬೋರ್ಡಿನ ಮೇಲೆ ಹಾಗೆಂದೇ ಬರೆದಿದೆ, ಲೀತ್ ಗ್ಯಾಡ್ಸ್‌ಬಿ, ಸಹಾಯಕ ಕೋಚ್, ರಕ್ಷಣೆ. ಊರಿಗೆಲ್ಲ ನಾನು ಗ್ಯಾಡ್ಸ್. ಒಂಬತ್ತು ಪಾಯಿಂಟ್ ಹಿಂದೆ ಇದ್ದೇವೆ, ಮೂರನೆಯ ಕ್ವಾರ್ಟರ್ ಮುಗಿಯಲು ಇನ್ನು ಆರೇಳು ನಿಮಿಷ, ಇವತ್ತು ಗೆದ್ದರೆ ಮುಂದಿನ ಶನಿವಾರ ಫೈನಲ್, ಸೋತರೆ ಬೇಸಿಗೆಯವರೆಗೆ ಬೂಟು ಒಣಹಾಕಿಕೊಂಡು ಕೂರುವುದು, ಕೆಳಗಿನ ಕ್ಯಾಂಟೀನಿನಿಂದ ಈರುಳ್ಳಿ ಕರಿಯುವ ವಾಸನೆ ಹಲಗೆಯ ಸಂದಿನಿಂದ ಮೇಲೆ ಬರುತ್ತಿದೆ, ನನ್ನ ಎದೆಯ ಜೇಬಿನಲ್ಲಿ ಒಂದು ಚೀಟಿ ಇದೆ, ಇಪ್ಪತ್ತೆರಡು ಹೆಸರು, ಎದುರಿಗೆ ಅವರವರ ಅಂಗಿಯ ನಂಬರು, ಎಲ್ಲ ನನ್ನದೇ ಕೈಬರಹ, ಮಲ್ಕೇರ್ ಒಮ್ಮೆ ನೋಡಿ ಏನದು ಎಂದಿದ್ದಕ್ಕೆ ಅಂಗಡಿಯ ಪಟ್ಟಿ ಮಾರಾಯ, ಮಾರ್ನಿ ಕೊಟ್ಟಿದ್ದು ಎಂದೆ. ಹದಿಮೂರು — ಜೊನಾ. ಜೊನಾ ಟಿಪಿಂಗ್. ನೋಡು, ಚೀಟಿ ಬೇಕಾಗಲಿಲ್ಲ. ಕೆಂಚು ಕೂದಲು, ಇಪ್ಪತ್ತೊಂದು ವರ್ಷ, ವಾರವಿಡೀ ಕೊಳಾಯಿ ಕೆಲಸ, ಶನಿವಾರ ನನ್ನ ಹಿಂಬದಿಯ ಮೂಲೆ, ಗ್ಯಾಡ್ಸ್ ಎರಡನೇ ಸಲ ಹುಟ್ಟಿದ್ದಾನೆ ನೋಡಿ ಎಂದು ಮುದುಕರು ಬೇಲಿಗೆ ಒರಗಿಕೊಂಡು ಹೇಳುತ್ತಾರೆ, ನಾನು ಅದು ಕೇಳಿಸದ ಹಾಗೆ ಮುಂದೆ ನಡೆಯುತ್ತೇನೆ.

ಬೆಳಗ್ಗೆ ಅಡಿಗೆಮನೆಯಲ್ಲಿ ಆ ಪದ ಬರಲಿಲ್ಲ. ನನ್ನ ಹೆಂಡತಿ ಮಾರ್ನಿ ಟೋಸ್ಟ್‌ಗೆ ಬೆಣ್ಣೆ ಹಚ್ಚುತ್ತಿದ್ದಳು, ಅದನ್ನ ಆನ್ ಮಾಡು ಎಂದೆ, ಯಾವುದನ್ನ ಎಂದಳು, ಅದೇ, ನೀರು, ಬಿಸಿ, ಕೂಗುತ್ತಲ್ಲ — ಕೈ ತೋರಿಸಿದೆ, ಬೆರಳು ನೇರವಾಗಿ ಅದರ ಕಡೆಗೇ ಇತ್ತು, ಹೊಳೆಯುವ ಉಕ್ಕಿನ ಹೊಟ್ಟೆ, ಅದರಲ್ಲಿ ನನ್ನ ಮುಖ ಅಡ್ಡಕ್ಕೆ ಹಿಗ್ಗಿತ್ತು, ಹೆಸರು ಮಾತ್ರ ಇಲ್ಲ, ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆ ಆಡಿಸಿದ ಹಾಗೆ. ಕೆಟಲ್, ಲೀತ್. ಮಾರ್ನಿ ಚಾಕು ಕೆಳಗಿಟ್ಟಳು. ಬುಧವಾರ ಹೋಬಾರ್ಟಿಗೆ ಹೋಗ್ತಿದೀವಿ, ಈ ಸಲ ಮುಂದಕ್ಕೆ ಹಾಕಿದ್ರೆ ನಾನೇ ಮಲ್ಕೇರ್‌ಗೆ ಫೋನ್ ಮಾಡಿ ಹೇಳ್ತೀನಿ, ನೋಡ್ತಾ ಇರು. ಫೈನಲ್ ಮುಗೀಲಿ ಅಂದೆ. ಫೈನಲ್ ಮುಗಿದ್ಮೇಲೆ ಇನ್ನೊಂದು ಬರುತ್ತೆ, ಹೋದ ವರ್ಷಾನೂ ನೀನು ಹೀಗೇ ಅಂದಿದ್ದೆ, ನನ್ನನ್ನ ಏನು ಅಂದ್ಕೊಂಡಿದೀಯ, ಬೇಲಿ ಆಚೆ ನಿಂತು ಹಾರ್ನ್ ಹೊಡೆಯೋಳು ಅಂತಾನಾ. ಅವಳು ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. ಬಸವನಹುಳುವಿನಂತೆ ನಿಧಾನಕ್ಕೆ ಬಂದದ್ದಲ್ಲ ಇದು, ಮೊದಲು ಕೈಕೊಟ್ಟದ್ದು ನಂಬರುಗಳು, ಜೂನ್ ತಿಂಗಳಲ್ಲಿ ಒಂದು ಸಂಜೆ ತರಬೇತಿ ಮುಗಿಸಿ ಬಂದು ಬಾಗಿಲಿಗೆ ಕೀಲಿ ಹಾಕಿ ತಿರುಗಿಸುತ್ತಿದ್ದೇನೆ, ತಿರುಗುತ್ತಿಲ್ಲ, ಭುಜ ಕೊಟ್ಟು ನೂಕಿದೆ, ಒಳಗಿಂದ ಚಪ್ಪಲಿ ಎಳೆಯುವ ಸದ್ದು, ಬಾಗಿಲು ತೆರೆದದ್ದು ಪಕ್ಕದ ಸಾಲಿನ ಮುದುಕಿ, ಏನಪ್ಪಾ ಲೀತ್, ಏನು ಬೇಕಿತ್ತು. ನಮ್ಮದು ಇಪ್ಪತ್ತೈದು, ನಾನು ನಿಂತದ್ದು ಐವತ್ತೆರಡರ ಮುಂದೆ. ಹುಲ್ಲು ಕತ್ತರಿಸೋ ಮೆಷಿನ್ ಕೇಳೋಕೆ ಬಂದೆ ಎಂದೆ, ಅದೂ ಚಳಿಗಾಲದ ಕತ್ತಲಾಗುವ ಹೊತ್ತಿನಲ್ಲಿ, ಆಕೆ ಪಾಪ ನಿಜವಾಗಿ ಹೊರಗೆ ತಂದು ಕೊಟ್ಟಳು, ಅದನ್ನು ತಳ್ಳಿಕೊಂಡು ರಸ್ತೆಯುದ್ದಕ್ಕೂ ನಡೆದು ಬಂದೆ, ಮಾರ್ನಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು, ಮಾರನೆಯ ದಿನ ಹೋಬಾರ್ಟಿನ ಡಾಕ್ಟರ ವಿಳಾಸ ಫ್ರಿಜ್ಜಿನ ಬಾಗಿಲ ಮೇಲಿತ್ತು.

ಹೇ, ಹಿಡಿ, ಹಿಡಿದ, ಹಿಡಿದುಬಿಟ್ಟ, ಜೊನಾ ಹಿಡಿದ, ಬೇಲಿಯ ಸುತ್ತ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿವೆ, ಮಲ್ಕೇರ್ ನನ್ನ ಬೆನ್ನಿಗೆ ಒಂದು ಗುದ್ದಿದ, ನಿನ್ ಶಿಷ್ಯನ್ನ ನೋಡೋ ಗ್ಯಾಡ್ಸ್. ಹಿಂದಿನಿಂದ ತೇಲಿ ಬರುವ ಚೆಂಡನ್ನೇ ಕತ್ತೆತ್ತಿ ನೋಡುತ್ತ ಅದರ ಜೊತೆಗೇ ಓಡಬೇಕು, ಎದುರಿನಿಂದ ಯಾರು ಬರುತ್ತಿದ್ದಾರೆ ನೋಡಬಾರದು, ನೋಡಿದೆಯೋ ಹೆಜ್ಜೆ ತಪ್ಪುತ್ತದೆ, ಅದನ್ನು ಕಲಿಸಲು ಆಗುವುದಿಲ್ಲ ಎನ್ನುತ್ತಾರೆ, ನಾನು ಕಲಿಸಿದೆ. ಕಣ್ಣು ಚೆಂಡಿನ ಮೇಲೆ, ಉಳಿದದ್ದು ದೇವರ ಮೇಲೆ ಎಂದು ಪ್ರತಿ ಮಂಗಳವಾರ, ಪ್ರತಿ ಗುರುವಾರ. ನನಗೆ ಕಲಿಸಿದ್ದು ಕ್ವೀನ್ಸ್‌ಟೌನಿನ ಜಲ್ಲಿ, ಅಲ್ಲಿ ಗಣಿಯ ಹೊಗೆಗೆ ಗುಡ್ಡವೆಲ್ಲ ಬೋಳಾಗಿ ಮೈದಾನದಲ್ಲೂ ಹುಲ್ಲಿಲ್ಲ, ಬರೀ ಕಲ್ಲುಪುಡಿ, ಬಿದ್ದರೆ ಮಂಡಿಯ ಚರ್ಮ ಅಲ್ಲೇ ಬಿಟ್ಟು ಏಳಬೇಕು, ಅಪ್ಪ ಗಣಿಯಿಂದ ಬಂದವನು ಕೈ ತೊಳೆದು ಚಿಮಟ ತೆಗೆದುಕೊಂಡು ಒಂದೊಂದೇ ಹರಳು ಕೀಳುತ್ತಿದ್ದ, ತಟ್ಟೆಯಲ್ಲಿ ಟಿಣ್ ಎಂದು ಬೀಳುತ್ತಿತ್ತು, ಅಳ್ತೀಯಾ, ಅಳು, ಬೇಡ ಅನ್ನಲ್ಲ, ಆದ್ರೆ ಮೈದಾನದಲ್ಲಿ ಅಳೋದಾದ್ರೆ ನಿಂತ್ಕೊಂಡು ಅಳು. ಹದಿನೆಂಟಕ್ಕೆ ಸಮುದ್ರ ದಾಟಿ ಮೆಲ್ಬರ್ನಿಗೆ, ಹನ್ನೊಂದು ವರ್ಷ, ನೂರ ಎಂಬತ್ತೇಳು ಪಂದ್ಯ, ಮೊದಮೊದಲು ಹುಲ್ಲಿನ ಮೇಲೆ ಬಿದ್ದರೆ ನಗು ಬರುತ್ತಿತ್ತು, ಇಷ್ಟು ಮೆತ್ತಗೆ, ಇಲ್ಲಿ ಯಾರಿಗೆ ಏನಾಗಲು ಸಾಧ್ಯ. ಆ ಕ್ಲಬ್ಬಿನ ಪಡಸಾಲೆಯಲ್ಲಿ ಇವತ್ತಿಗೂ ನನ್ನ ಫೋಟೋ ಇದೆ, ತಲೆಗೆ ಪಟ್ಟಿ, ಪಟ್ಟಿಯಲ್ಲಿ ರಕ್ತ, ಗಾಳಿಯಲ್ಲಿ ಅಡ್ಡಡ್ಡ ಮಲಗಿದ ಹಾಗೆ ಚೆಂಡಿನ ಕಡೆ, ಅದು ನನ್ನ ಬದುಕಿನ ಅತ್ಯುತ್ತಮ ಕ್ವಾರ್ಟರ್ ಎನ್ನುತ್ತಾರೆ, ಇರಬಹುದು, ನನಗೆ ಗೊತ್ತಿಲ್ಲ, ಅದರಲ್ಲಿ ನಾನಿರಲಿಲ್ಲ. ಎರಡನೆಯ ಕ್ವಾರ್ಟರಿನಲ್ಲಿ ಒಂದು ಮೊಣಕೈ ಬಂತು, ಆಮೇಲೆ ಎಚ್ಚರ ಬರಲೆಂದು ಮೂಗಿಗೆ ಹಿಡಿದ ಖಾರದ ವಾಸನೆ, ಡಾಕ್ಟರ್ ಮುಖ ಹತ್ತಿರ ತಂದು ಇವತ್ತು ಯಾವ ವಾರ ಎಂದರು, ಅವರ ಭುಜದ ಹಿಂದೆ ನಮ್ಮ ವಿನ್ಸ್, ವಿನ್ಸ್ ಕಾರ್ಬೆಟ್, ನನ್ನ ಪಕ್ಕದಲ್ಲೇ ಎಂಟು ವರ್ಷ ಆಡಿದವನು, ಬಾಯಿ ಅಗಲಿಸಿ ಸದ್ದಿಲ್ಲದೆ ಭಾ-ನು-ವಾ-ರ ಎಂದ, ಭಾನುವಾರ ಎಂದೆ, ಸರಿ ಹೋಗು ಎಂದರು. ಅದರ ನಂತರ ಸ್ನಾನದ ನೀರು. ನಡುವೆ ಏನೂ ಇಲ್ಲ, ಒಂದು ಕೂದಲೆಳೆಯಷ್ಟೂ ಇಲ್ಲ. ಬಸ್ಸಿನಲ್ಲಿ ಯಾರೋ ಗೆದ್ದದ್ದು ಎಂದು ಕೇಳಿದೆನಂತೆ, ನಾವೇ ಕಣೋ ಎಂದರಂತೆ, ಐದು ನಿಮಿಷಕ್ಕೆ ಮತ್ತೆ ಯಾರು ಗೆದ್ದದ್ದು, ಬಸ್ಸಿಗೆ ಬಸ್ಸೇ ಬಿದ್ದುಬಿದ್ದು ನಕ್ಕಿತು, ವರ್ಷಗಟ್ಟಲೆ ಅದೇ ತಮಾಷೆ, ಗ್ಯಾಡ್ಸ್, ಯಾರೋ ಗೆದ್ದದ್ದು. ಆ ಕ್ವಾರ್ಟರನ್ನು ನಾನು ನೋಡಿದ್ದು ಟೇಪಿನಲ್ಲಿ, ಯಾವನೋ ನನ್ನ ಅಂಗಿ ಹಾಕಿಕೊಂಡು ನನ್ನ ಹಾಗೆ ಓಡುತ್ತಾನೆ, ಅವನಿಗೆ ಭಯವೇ ಇಲ್ಲ, ಭಯಪಡಬೇಕಾದವನು ಆ ಮೈಯೊಳಗೆ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಅದನ್ನೇ ಈ ಹುಡುಗರಿಗೆ ಹಾಕಿ ತೋರಿಸಿದೆ. ದೀಪ ಆರಿಸಿದ ಕೋಣೆಯಲ್ಲಿ ಜೊನಾ ಮುಂದಿನ ಸಾಲಿನಲ್ಲಿ ಕೂತಿದ್ದ, ಪರದೆಯ ಬೆಳಕು ಅವನ ಹಲ್ಲಿನ ಮೇಲೆ. ಇನ್ನೊಂದ್ಸಲ ಹಾಕಿ ಗ್ಯಾಡ್ಸ್ ಎಂದ. ಹಾಕಿದೆ.

ವಿನ್ಸ್‌ನ ಸುದ್ದಿ ಮಾರ್ನಿಗೆ ಪೂರ್ತಿ ಹೇಳಿಲ್ಲ. ಫೆಬ್ರವರಿಯಲ್ಲಿ ಜೀಲಾಂಗಿನ ಆ ಮನೆಗೆ ಹೋಗಿದ್ದೆ, ವೃದ್ಧರನ್ನು ಇಡುವ ಜಾಗ, ವಿನ್ಸ್‌ಗೆ ಐವತ್ತೊಂದು, ಉಳಿದವರಿಗೆಲ್ಲ ಎಂಬತ್ತು ತೊಂಬತ್ತು, ಮಧ್ಯಾಹ್ನದ ಬಿಸಿಲು, ನೆಲ ಒರೆಸಿದ ಔಷಧಿಯ ವಾಸನೆ, ಅವನು ಕಿಟಕಿಯ ಹತ್ತಿರ, ಆ ಭುಜಗಳು ಹಾಗೇ ಇದ್ದವು, ಕುರ್ಚಿಗೆ ಸಾಲದಷ್ಟು ಅಗಲ. ನನ್ನನ್ನು ಕಂಡು ಮುಖ ಅರಳಿತು, ಬಂದ್ಯಾ, ಎಲ್ಲಿ ಹೋಗಿದ್ದೆ, ಕೂತ್ಕೋ ಕೂತ್ಕೋ, ಸರಿಯಾಗಿಯೇ ಇದ್ದಾನಲ್ಲ ಎಂದುಕೊಂಡೆ, ಚಹಾ ಕುಡಿದೆವು, ಬಿಸ್ಕತ್ತು ಅದ್ದಿ ತಿಂದ, ಆಮೇಲೆ ಬಾಗಿ ನನ್ನ ಕಿವಿಯಲ್ಲಿ, ಎಷ್ಟನೇ ಕ್ವಾರ್ಟರೋ ಇದು. ಕೊನೇದು ವಿನ್ಸ್ ಎಂದೆ. ಹಾಗಾದ್ರೆ ಬೂಟು ಬಿಚ್ಬೇಡ ಎಂದ, ಗಂಭೀರವಾಗಿ, ಮತ್ತೆ ನನ್ನ ಕಾಲನ್ನು ನೋಡಿದ, ನಾನು ಹಾಕಿದ್ದು ರಬ್ಬರು ಚಪ್ಪಲಿ, ಅವನ ಮುಖದಲ್ಲಿ ಎಂಥ ಗಾಬರಿ, ಎಲ್ಲೋ ನಿನ್ ಬೂಟು, ಎಲ್ಲೋ, ನರ್ಸ್ ಓಡಿಬರುವವರೆಗೆ ಕೂಗಿದ. ಹೇಗಿದಾನೆ ವಿನ್ಸ್ ಎಂದು ಮಾರ್ನಿ ಕೇಳಿದಳು, ಸ್ವಲ್ಪ ದಪ್ಪ ಆಗಿದಾನೆ ಎಂದೆ.

ಗಾಜು ಒರೆಸು. ಎರಡು ನಿಮಿಷ ಇರಬೇಕು, ಈ ನಡುವೆ ಒಂದು ಗೋಲು ಹೊಡೆದು ಆರು ಪಾಯಿಂಟ್ ತೆಗೆದಿದ್ದೇವೆ. ಅವರು ಮತ್ತೆ ಸಮುದ್ರದ ಕಡೆಗೆ ಒದ್ದಿದ್ದಾರೆ, ಎತ್ತರಕ್ಕೆ, ಎಷ್ಟು ಎತ್ತರಕ್ಕೆ, ನಿಂತಿತು, ಅಲ್ಲೇ ನಿಂತಿತು, ಕೆಳಗೆ ಐದಾರು ಜನರ ಗುಂಪು ಕತ್ತೆತ್ತಿ ಕಾಯುತ್ತಿದೆ, ಜೊನಾ ನಡುವೆ, ಹಾರಿದರು, ಒಬ್ಬನ ಮೇಲೊಬ್ಬರು, ಹಿಂದಿನಿಂದ ಯಾರದೋ ಮಂಡಿ — ಜೊನಾನ ಕಿವಿಯ ಹಿಂದೆ — ಚೆಂಡು ಜಾರಿ ಬಲಕ್ಕೆ ಹೋಯಿತು, ಅದರ ಹಿಂದೆ ಇಡೀ ಮೈದಾನದ ಕಣ್ಣು ಹೋಯಿತು, ಮಲ್ಕೇರ್‌ನ ಕತ್ತು ಬಲಕ್ಕೆ, ಹಾರ್ನುಗಳು ಬಲಕ್ಕೆ, ನಾನೊಬ್ಬನೇ ಇತ್ತ ಉಳಿದೆ. ಬಿದ್ದ. ಕೈ ಊರಲಿಲ್ಲ, ಬೀಳುವವನು ಕೈ ಊರುತ್ತಾನೆ, ಇವನು ಮೂಟೆ ಬಿದ್ದ ಹಾಗೆ ಬಿದ್ದ, ಒಂದು, ಎರಡು, ಎದ್ದು ಕುಳಿತ. ಕಾಲುಚೀಲ ಮೇಲಕ್ಕೆಳೆದ. ಅದೇ ಕಾಲುಚೀಲವನ್ನು ಮತ್ತೆ ಎಳೆದ. ಮತ್ತೆ. ಎದ್ದು ನಿಂತು ಅತ್ತಿತ್ತ ನೋಡಿ ನಡೆದ, ತನ್ನ ಜೋಡಿ, ತಾನು ಕಾಯಬೇಕಾದ ಎದುರಾಳಿಯ ಕಡೆಗಲ್ಲ, ಅಂಪೈರ್‌ನ ಪಕ್ಕಕ್ಕೆ ಹೋಗಿ ನಿಂತ, ಬಸ್ಸಿಗೆ ಕಾಯುವವನ ಹಾಗೆ. ನನಗೆ ಆ ನಡಿಗೆ ಗೊತ್ತು. ನೆಲ ಒಂದು ಗೇಣು ಕೆಳಗಿದೆ ಎಂದು ಕಾಲು ತಿಳಿದುಕೊಂಡಿರುತ್ತದೆ, ಪ್ರತಿ ಹೆಜ್ಜೆಯೂ ಮೆಟ್ಟಿಲು ಇಳಿದ ಹಾಗೆ, ಕಿವಿಯಲ್ಲಿ ಒಂದು ತಂತಿ ಎಳೆಯುತ್ತಿರುತ್ತದೆ, ಎಲ್ಲವೂ ಬೆಳ್ಳಗೆ, ಯಾರೂ ಕೆಟ್ಟವರಲ್ಲ ಅನ್ನಿಸುತ್ತಿರುತ್ತದೆ — ಮಲ್ಕಿ, ಅದನ್ನ ನೋಡಿದ್ಯಾ ಎಂದೆ. ಯಾವುದನ್ನ. ಜೊನಾ, ತಲೆಗೆ. ಎದ್ದು ಓಡಾಡ್ತಿದಾನಲ್ಲೋ, ಮಲ್ಕೇರ್ ನನ್ನ ಕಡೆ ತಿರುಗಲೂ ಇಲ್ಲ. ನೋಡಿದರೆ ಹೌದು, ಓಡುತ್ತಿದ್ದಾನೆ, ಈಗ ತನ್ನ ಜೋಡಿಯ ಹಿಂದೆಯೇ, ಸರಿಯಾಗಿಯೇ. ಹಾಗಾದರೆ ನಾನು ಕಂಡದ್ದೇನು. ಮೂರು ಸಲ ಕಾಲುಚೀಲ ಎಳೆದದ್ದು ಇವನೋ, ಟೇಪಿನಲ್ಲಿರುವ ಅವನೋ, ಆ ಅಂಗಿ ಹಾಕಿಕೊಂಡವನು. ಐವತ್ತೆರಡರ ಬಾಗಿಲಿಗೆ ಕೀಲಿ ತಿರುಗಿಸಿದ ಕಣ್ಣು ಇದು, ಇದರ ಮಾತು ಯಾರು ನಂಬಬೇಕು. ಹೇಳಿದರೆ ಅವನನ್ನು ಹೊರಗೆ ಕರೆದು ಇಪ್ಪತ್ತು ನಿಮಿಷ ಪರೀಕ್ಷೆ, ತಪ್ಪಿದರೆ ಮೂರು ವಾರ ಆಟವಿಲ್ಲ, ಫೈನಲ್ ಇಲ್ಲ. ಹೇಳಿದರೆ ಮಲ್ಕೇರ್ ಕೇಳುತ್ತಾನೆ, ಕಾಲುಚೀಲ ಎಳೆದ್ರೆ ತಲೆ ಕೆಟ್ಟಿದೆ ಅಂತ ನಿಂಗೆ ಹೆಂಗೋ ಗೊತ್ತು. ಸೈರನ್.

ಮೂರನೆಯ ವಿರಾಮಕ್ಕೆ ಮೈದಾನಕ್ಕೇ ಇಳಿಯಬೇಕು, ಆಟಗಾರರೆಲ್ಲ ಗಾಳಿಯಲ್ಲಿ ವೃತ್ತ ಕಟ್ಟಿ ನಿಂತಿದ್ದಾರೆ, ಬೆನ್ನುಗಳಿಂದ ಹಬೆ ಏಳುತ್ತಿದೆ, ಕಿತ್ತಳೆ ಹೋಳು, ಎಣ್ಣೆಯ ಘಾಟು, ಬೇಲಿ ಹಾರಿ ಬಂದ ಅರ್ಧ ಊರು ಸುತ್ತ ನಿಂತು ಕೋಚ್ ಏನು ಬೈಯುತ್ತಾನೆ ಎಂದು ಕಿವಿಗೊಟ್ಟಿದೆ, ಜೊನಾನ ತಾಯಿ ಟೋನ್ಯಾ ಕ್ಯಾಂಟೀನಿನ ಏಪ್ರನ್ನಿನಲ್ಲೇ ಬಂದಿದ್ದಾಳೆ, ಹಿಂದೆ ನಿಂತು ಕೈ ಒರೆಸಿಕೊಳ್ಳುತ್ತಿದ್ದಾಳೆ. ಹಿಂಬದಿಯ ಆರು ಜನರನ್ನು ಬದಿಗೆ ಕರೆದೆ, ಗಾಳಿ ಈಗ ಅವರ ಬೆನ್ನಿಗೆ, ಚೆಂಡು ನೀವಂದುಕೊಂಡದ್ದಕ್ಕಿಂತ ಮುಂದಕ್ಕೆ ತೇಲುತ್ತೆ, ಹತ್ತು ಹೆಜ್ಜೆ ಹಿಂದೆ ನಿಲ್ಲಿ ಎಂದೆ, ಮಾತು ತಾನೇ ಬಂತು, ಎಷ್ಟು ಚೆನ್ನಾಗಿ ಬಂತು, ಮಾತಾಡುತ್ತ ಜೊನಾನ ಕಣ್ಣನ್ನೇ ನೋಡುತ್ತಿದ್ದೆ, ಒಂದು ಪಾಪೆಯ ಕರಿಯ ಬೊಟ್ಟು ದೊಡ್ಡದಿತ್ತೇ, ಇಲ್ಲ ಎರಡೂ ಒಂದೇ ಇದ್ದವೇ, ಮೋಡದ ಬೆಳಕಿನಲ್ಲಿ ಹೇಗೆ ತಿಳಿಯುವುದು. ಅವನ ತೋಳು ಹಿಡಿದು ನಿಲ್ಲಿಸಿದೆ. ತಲೆಗೆ ಬಿತ್ತಾ. ಇಲ್ವಲ್ಲಾ. ಜೊನಾ, ನಾನು ನೋಡ್ದೆ. ಸ್ವಲ್ಪ ತಾಗ್ತು ಗ್ಯಾಡ್ಸ್, ಅಷ್ಟೇ, ಗಟ್ಟಿಯಾಗೇ ಇದೀನಿ. ಎಷ್ಟು ಪಾಯಿಂಟ್ ಹಿಂದೆ ಇದೀವಿ ಹೇಳು. ಅವನು ನಕ್ಕ, ನನ್ನ ಭುಜದ ಮೇಲಿಂದ ಸ್ಕೋರ್ ಬೋರ್ಡು ನೋಡಿ ಮೂರು ಎಂದ. ಮೂರೇ. ಸರಿ. ನೋಡಿ ಹೇಳಿದ, ನೋಡಿದರೂ ಓದಲು ಬಂತಲ್ಲ. ಡಾಕ್ ಹತ್ರ ಹೋಗೋಣ ಬಾ, ಎರಡು ನಿಮಿಷ ಎಂದೆ, ಅವನ ಬೆರಳು ನನ್ನ ಜಾಕೆಟ್ಟನ್ನು ಹಿಡಿದವು, ಬೇಡ ಗ್ಯಾಡ್ಸ್, ದಮ್ಮಯ್ಯ, ಮುಂದಿನ ವಾರ ಫೈನಲ್ಲು, ಅಮ್ಮ ಕೆಲಸಕ್ಕೆ ರಜೆ ಹಾಕಿದಾಳೆ, ನೀವಾಗಿದ್ರೆ ಹೋಗ್ತಿದ್ರಾ ಹೇಳಿ, ನೀವೇ ತೋರಿಸಿದ್ದಲ್ವಾ ನಮ್ಗೆ, ತಲೆಗೆ ಪಟ್ಟಿ ಕಟ್ಕೊಂಡು. ಅವನ ಉಸಿರಲ್ಲಿ ಕಿತ್ತಳೆಯ ವಾಸನೆ ಮತ್ತು ಅದರ ಕೆಳಗೆ ಹುಳಿ, ವಾಂತಿಯ ಹುಳಿ. ಅದು ನನ್ನ ಮೂಗಿಗೆ ಬಂತು. ಬಂದಿತು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅಷ್ಟು ಹೊತ್ತಿಗೆ ಮಲ್ಕೇರ್ ಚಪ್ಪಾಳೆ ತಟ್ಟಿ ಹೊರಡ್ರೋ ಎಂದು ಕೂಗಿದ, ಟೋನ್ಯಾ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದಳು, ಮಗನಿಗೋ ನನಗೋ, ನಾನು ಅವನ ತೋಳು ಬಿಟ್ಟೆ. ಹೋಗು ಎಂದೆ. ಬಿಟ್ಟ ಕೈ ಇದು, ಇದೇ ಬಲಗೈ.

ಮೆಟ್ಟಿಲು ಹತ್ತಿ ಬಂದು ಕೂತರೆ ಕುರ್ಚಿ ತಣ್ಣಗಿದೆ, ಫೋನು ತಣ್ಣಗಿದೆ, ಆಟ ಶುರುವಾಗಿದೆ, ಒಂದು ನಿಮಿಷ, ಎರಡು, ನಾವು ಮುಂದೆ ಹೋದೆವು, ಹಾರ್ನುಗಳು, ಮಲ್ಕೇರ್ ಎದ್ದು ಕುಣಿಯುತ್ತಿದ್ದಾನೆ, ನಾನು ಜೊನಾನನ್ನು ಮಾತ್ರ ನೋಡುತ್ತಿದ್ದೇನೆ, ಅವನು ಕಂಬಕ್ಕೆ ಒಂದು ಕೈ ಕೊಟ್ಟು ನಿಂತಿದ್ದಾನೆ, ಗೋಲ್ ಅಂಪೈರ್ ಅವನಿಗೆ ಏನೋ ಹೇಳಿದ, ಅವನು ತಲೆಯಾಡಿಸಿದ, ಬಾಗಿ ಕಾಲುಚೀಲ ಎಳೆದ. ಆ ಹುಳಿ ವಾಸನೆ ಇನ್ನೂ ಮೂಗಿನಲ್ಲಿದೆ. ನನಗೆ ಗೊತ್ತು. ಗೊತ್ತಿದ್ದೂ ಇಲ್ಲಿ ಕೂತಿದ್ದೇನೆ, ನನಗೆ ಆದದ್ದೆಲ್ಲ ಗೊತ್ತಿದ್ದವರು ಹೀಗೇ ಎಲ್ಲೋ ಗಾಜಿನ ಹಿಂದೆ ಕೂತಿದ್ದರಲ್ಲ, ಅವರಿಗೂ ಒಂದು ಫೋನು ಇತ್ತಲ್ಲ, ಇಷ್ಟು ವರ್ಷ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದದ್ದು ಯಾತಕ್ಕೆ — ಎತ್ತಿದೆ. ಡಾಕ್ಟರ್ ಬ್ರಾನ್ವಿನ್‌ಗೆ ಕೊಡು ಎಂದೆ. ಹೇಳು ಲೀತ್, ಬ್ರಾನ್ವಿನ್‌ಳ ಸ್ವರ, ಹಿಂದೆ ಗದ್ದಲ. ಡಾಕ್, ಒಬ್ಬನಿಗೆ ತಲೆಗೆ ಪೆಟ್ಟಾಗಿದೆ, ಮೂರನೇ ಕ್ವಾರ್ಟರ್ ಕೊನೇಲಿ, ವಾಂತೀನೂ ಆಗಿದೆ, ಈಗ್ಲೇ ಹೊರಗೆ ಕರಿ. ಯಾರಿಗೆ. ಹೆಸರು — ಹೆಸರು ನಾಲಿಗೆಯ ಬುಡದವರೆಗೆ ಬಂದು ನಿಂತಿತು, ಕೆಂಚು ಕೂದಲು, ಕೊಳಾಯಿ, ಕಿತ್ತಳೆ, ಎಲ್ಲ ಇದೆ ಹೆಸರಿಲ್ಲ, ಲೀತ್, ಕೇಳಿಸ್ತಿದೆಯಾ, ಯಾರಿಗೆ, ನಂಬರ್ ಹೇಳು, ನಂಬರ್ ಹೇಳಿದೆ, ಹದಿಮೂರು ಎಂದೆ, ಹದಿಮೂರು ಎಂದೇ ನನ್ನ ಕಿವಿಗೆ ಕೇಳಿಸಿತು. ಖಚಿತಾನಾ. ಕಣ್ಣಾರೆ ನೋಡ್ದೆ ಡಾಕ್. ಸರಿ, ಕರೀತೀನಿ. ಇಟ್ಟೆ. ಎದೆಯ ಮೇಲಿಂದ ಒಂದು ಕಲ್ಲು ಎತ್ತಿದ ಹಾಗಾಯಿತು, ಆಯಿತು, ಏನಾದರೂ ಆಗಲಿ, ಫೈನಲ್ ಸೋಲಲಿ, ಜೊನಾ ಮುಖ ತಿರುಗಿಸಲಿ, ಟೋನ್ಯಾ ಬೈಯಲಿ, ಬುಧವಾರ ಹೋಬಾರ್ಟಿಗೂ ಹೋಗುತ್ತೇನೆ, ಮಲ್ಕೇರ್‌ಗೂ ಹೇಳುತ್ತೇನೆ, ಜೊನಾ ಎಂದು ಹೆಸರೂ ತಾನಾಗಿ ಬಂತು, ನೋಡು. ಕೆಳಗೆ ಬೆಂಚಿನ ಹತ್ತಿರ ಕೈ ಬೀಸಿದರು. ಒಬ್ಬ ಓಡಿ ಬರುತ್ತಿದ್ದಾನೆ ಹೊರಗೆ, ಎತ್ತರ, ಅಗಲ, ಕಪ್ಪು ಜುಟ್ಟು. ಅದು ಜೊನಾ ಅಲ್ಲ. ಅದು ಸೆಫಾ, ನಮ್ಮ ಎತ್ತರದ ಮನುಷ್ಯ, ಎರಡನೆಯ ಕ್ವಾರ್ಟರಿನಲ್ಲಿ ಕಿವಿ ಹರಿದುಕೊಂಡವನು, ಬೆಂಚಿನ ಮುಂದೆ ಎರಡೂ ಕೈ ಚಾಚಿ ಡಾಕ್ಟರನ್ನು ಕೇಳುತ್ತಿದ್ದಾನೆ, ನಂಗೇನಾಗಿದೆ, ನಂಗೇನಾಗಿದೆ, ಇಲ್ಲಿಂದಲೇ ಬಾಯಿ ಓದಬಹುದು, ಬೆನ್ನ ಮೇಲೆ ನಂಬರು ಬಿಳಿಯ ಬಣ್ಣದಲ್ಲಿ, ಮೂವತ್ತೊಂದು.

ಯಾವನೋ ಸೆಫಾನ ಎತ್ತಿದ್ದು, ಮಲ್ಕೇರ್ ಕಿರುಚಿದ, ನಾನು ಹೇಳಿದ್ದು ಹದಿಮೂರು ಎಂದೆ, ಮೂವತ್ತೊಂದು ಅಂದೆ ಕಣೋ ನೀನು, ನನ್ ಕಿವಿ ಪಕ್ಕಾನೇ ಅಂದೆ, ಬೆಂಚಿಗೆ ಏನೋ ಮಾತಾಡ್ತಿದೀಯ ಅಂತ ಬಿಟ್ಟೆ, ಹದಿಮೂರು ಮಲ್ಕಿ, ಮೂವತ್ತೊಂದೋ, ಫೋನು, ಫೋನು ಎಲ್ಲಿ, ಎತ್ತಿದೆ, ಯಾರೂ ಎತ್ತಿಕೊಳ್ಳುತ್ತಿಲ್ಲ, ಅಲ್ಲಿ ಎಲ್ಲರೂ ಸೆಫಾನ ಸುತ್ತ, ರಿಂಗ್, ರಿಂಗ್, ಗಾಜು ತುಂಬ ಹಬೆ, ಅಂಗೈಯಿಂದ ಒರೆಸಿದೆ, ಅವರು ನಡುಮೈದಾನದಿಂದ ಒದ್ದಿದ್ದಾರೆ, ಗಾಳಿ ಬೆನ್ನಿಗೆ, ಚೆಂಡು ಬೀಳಬೇಕಾದಲ್ಲಿ ಬೀಳದೆ ಮುಂದೆ ಮುಂದೆ ತೇಲುತ್ತಿದೆ, ಅದರ ಕೆಳಗೆ ಕೆಂಚು ತಲೆ, ಕತ್ತೆತ್ತಿ, ಅದರ ಜೊತೆಗೇ ಓಡುತ್ತ, ಎಷ್ಟು ಚೆನ್ನಾಗಿ ಓಡುತ್ತಿದ್ದಾನೆ, ಒಂದು ಸಲವೂ ಎದುರಿಗೆ ನೋಡುತ್ತಿಲ್ಲ, ಎದುರಿನಿಂದ ಅವರ ಮುಂಚೂಣಿಯ ದೊಡ್ಡ ಆಟಗಾರ ಕಂಬದ ಬಳಿಯಿಂದ ಹೊರಟಿದ್ದಾನೆ, ಅವನ ಕಣ್ಣೂ ಚೆಂಡಿನ ಮೇಲೆ, ನೋಡು ಎಂದು ನಾನು ಗಾಜಿಗೆ ಗುದ್ದಿದೆ, ಎದುರಿಗೆ ನೋಡೋ, ಇಷ್ಟು ದಿನ ಹೇಳಿಕೊಟ್ಟದ್ದಕ್ಕೆ ತದ್ವಿರುದ್ಧವಾಗಿ ಕೂಗಿದೆ, ನೋಡೋ ಮಗಾ, ನೋಡೋ — ಸದ್ದು ಇಲ್ಲಿಯವರೆಗೆ ಬರಲಿಲ್ಲ. ಹಾರ್ನುಗಳು ನಿಂತದ್ದು ಮಾತ್ರ ಕೇಳಿಸಿತು. ಮೆಟ್ಟಿಲು, ಕ್ಯಾಂಟೀನಿನ ಬಾಗಿಲು, ಟೋನ್ಯಾ ಕೌಂಟರಿನ ಹಿಂದಿನಿಂದ ನನ್ನ ಮುಖ ನೋಡಿದಳು, ಯಾರಿಗೆ, ಯಾರಿಗೆ ಗ್ಯಾಡ್ಸ್, ನಾನು ಓಡಿದೆ, ಹುಲ್ಲು ಮೆತ್ತಗಿತ್ತು, ನನ್ನ ಹಿಂದೆಯೇ ಅವಳ ಹೆಜ್ಜೆ. ಅವನು ಅಂಗಾತ ಬಿದ್ದಿದ್ದ, ಕಣ್ಣು ತೆರೆದಿತ್ತು, ಬಲಗೈ ಮೊಣಕೈಯಿಂದ ಮೇಲೆ ನೆಟ್ಟಗೆ ಎದ್ದು ನಿಂತಿತ್ತು, ಬೆರಳೆಲ್ಲ ಸೆಟೆದು ಬಿಡಿಸಿಕೊಂಡು, ಉಳಿದ ಮೈಗೆ ಗೊತ್ತೇ ಇಲ್ಲದ ಹಾಗೆ, ಯಾರೂ ಹಿಡಿದಿರಲಿಲ್ಲ, ತಾನೇ ನಿಂತಿತ್ತು. ಮುಟ್ಬೇಡಿ, ಯಾರೂ ಮುಟ್ಬೇಡಿ ಎಂದು ಬ್ರಾನ್ವಿನ್ ಓಡಿ ಬಂದಳು, ಮಂಡಿಯೂರಿದಳು, ಉಸಿರಿದೆ ಎಂದಳು, ಟೋನ್ಯಾಳನ್ನು ಸೆಫಾ ತಬ್ಬಿ ಹಿಡಿದುಕೊಂಡ.

ಆಂಬುಲೆನ್ಸ್ ಹುಲ್ಲಿನ ಮೇಲೇ ಬಂದು ಹೋಯಿತು, ಟೋನ್ಯಾ ಏಪ್ರನ್ನಿನಲ್ಲೇ ಹತ್ತಿದಳು, ಉಸಿರಿದೆ, ಉಸಿರಿದೆ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳುತ್ತಿದ್ದಾರೆ, ಬೇರೆ ಏನೂ ಯಾರಿಗೂ ಗೊತ್ತಿಲ್ಲ, ಆಟ ನಿಂತಿದೆ, ಮತ್ತೆ ಶುರುವಾಗುತ್ತದೋ ಇಲ್ಲವೋ, ಮಲ್ಕೇರ್ ಟೋಪಿ ತೆಗೆದು ನಿಂತಿದ್ದಾನೆ, ನನ್ನ ಕಡೆ ನೋಡುತ್ತಿಲ್ಲ. ಬ್ರಾನ್ವಿನ್ ಬಂದು ನನ್ನ ಮುಂದೆ ನಿಂತಳು, ಕೈಯಲ್ಲಿ ಇನ್ನೂ ಕೈಗವಸು, ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ, ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಒಂದು ಕಣ್ಣು, ಇನ್ನೊಂದು ಕಣ್ಣು. ಎಷ್ಟು ದಿನದಿಂದ ಲೀತ್, ಎಂದಳು. ಹೇಳಬೇಕು, ಈಗ ಹೇಳಿಬಿಡಬೇಕು, ಜೂನ್ ಎಂದೋ ಅದಕ್ಕೂ ಮೊದಲೆಂದೋ, ಸ್ಟ್ರೆಚರಿನ ಮೇಲೆ ಅವನ ಎರಡೂ ಕೈ ಕಂಬಳಿಯ ಒಳಗೆ ಇಟ್ಟರು, ನಾನೇ ನೋಡಿದೆ, ಪಟ್ಟಿ ಬಿಗಿದರು, ಬಾಗಿಲು ಹಾಕಿದರು, ಹೇಳು ಲೀತ್, ಜೂನ್, ಅಲ್ಲ, ಹೋದ ವರ್ಷದ ಚಳಿಗಾಲ, ಅವನು ಬಿದ್ದಿದ್ದ ಹುಲ್ಲಿನಲ್ಲಿ, ಈಗ ಖಾಲಿ ಇರುವಲ್ಲಿ, ಬೆರಳು ಬಿಡಿಸಿಕೊಂಡು, ಹೋದ ಚಳಿಗಾಲ ಡಾಕ್ — ಅದು ಇಳಿಯುತ್ತಿಲ್ಲ, ಯಾರಾದರೂ ಅದನ್ನು ಇಳಿಸಿ, ಬೆರಳೆಲ್ಲ ಸೆಟೆದು, ಗಾಳಿಗೂ ಅಲುಗದೆ, ಆ ಕೈ